6/6 ಬಂತು ಅಂತ ಕನ್ನಡಕ ಕೊಟ್ಟು ಕಳಿಸಿದೆ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ ನಾನು ಆಪ್ಟೋಮೆಟ್ರಿಸ್ಟ್. ಕಣ್ಣು ಚೆಕ್ ಮಾಡಿ ನಂಬರ್ ಬರೆಯುವವನು. ಹದಿನಾಲ್ಕು ವರ್ಷ ಆಯಿತು. ಬಂದವರೆಲ್ಲ "ಡಾಕ್ಟ್ರೇ" ಅನ್ನುತ್ತಾರೆ. ಅಲ್ಲ ಅಂತ ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಿದ್ದೇನೆ. ವಾರಕ್ಕೊಂದು ದಿನ ನಿಜವಾದ ಕಣ್ಣಿನ ಡಾಕ್ಟರ್ ಒಬ್ಬರು ಅಂಗಡಿಗೆ ಬರುತ್ತಾರೆ.

ನಾನು ತಪ್ಪು ಮಾಡಿದ ಒಂದು ಕೇಸಿನ ಬಗ್ಗೆ ಬರೆಯುತ್ತಿದ್ದೇನೆ. ಅವರ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಶಿಡ್ಲಘಟ್ಟದ ಕಡೆಯ ಹೆಣ್ಣುಮಗಳು, ಇಪ್ಪತ್ತೊಂಬತ್ತು ವರ್ಷ. ರೇಷ್ಮೆ ನೂಲು ತೆಗೆಯುವ ಕೆಲಸ. ಬೆಂದ ಗೂಡು ಬಿಸಿನೀರಿನ ಬೇಸಿನ್‌ನಲ್ಲಿ ತೇಲುತ್ತಿರುತ್ತದೆ. ಅದರಿಂದ ಎಳೆ ಮೇಲೆ ಹೋಗುತ್ತಿರುತ್ತದೆ. ಕಡಿದರೆ ತಕ್ಷಣ ತುದಿ ಹುಡುಕಿ ಸೇರಿಸಬೇಕು. ಮಾರ್ಚ್ ತಿಂಗಳ ಒಂದು ಸಂಜೆ ಬಂದು ಹೇಳಿದ್ದು ಇಷ್ಟು: "ಸಾರ್, ಬೇಸಿನ್ ಹತ್ರ ಒಂದು ಗಂಟೆ ನಿಂತ್ರೆ ಬಲಗಣ್ಣಿಗೆ ಮಂಜು ಕವಿಯುತ್ತೆ. ಎಳೆ ಕಡಿದಿದ್ದೇ ಕಾಣಲ್ಲ. ಮನೆಗೆ ಹೋಗಿ ಮುಖ ತೊಳ್ಕೊಂಡು ಕೂತ್ರೆ ಸರಿಹೋಗುತ್ತೆ."

ಆವಿ ಕಣ್ಣಿಗೆ ಹೊಡೆಯುತ್ತಿದೆ, ಮತ್ತಿನ್ನೇನು ಅಂದುಕೊಂಡೆ. ಚಾರ್ಟ್ ಓದಿಸಿದೆ. ಎರಡೂ ಕಣ್ಣು 6/6, ಅಂದರೆ ದೃಷ್ಟಿ ಸರಿ ಇದೆ ಅಂತ. ಕೆಳಗಿನ ಅಂಕಿ ದೊಡ್ಡದಾದಷ್ಟೂ ದೃಷ್ಟಿ ಕಮ್ಮಿ. ಬಲಕ್ಕೆ ಕಾಲು ಪಾಯಿಂಟ್ ಸಿಲಿಂಡರ್, ಅಂದರೆ ತೀರಾ ಸಣ್ಣ ಓರೆ ನಂಬರ್ ಸಿಕ್ಕಿತು. ಹುಡುಕಿದರೆ ಯಾರಿಗೆ ಬೇಕಾದರೂ ಕಾಲು ಪಾಯಿಂಟ್ ಸಿಗುತ್ತದೆ ಅನ್ನುವುದು ಈ ಧಂದೆಯಲ್ಲಿರುವ ಎಲ್ಲರಿಗೂ ಗೊತ್ತು. ಕನ್ನಡಕ ಮಾಡಿಕೊಟ್ಟೆ, ದುಡ್ಡು ತೆಗೆದುಕೊಂಡೆ.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಅವರು ಬಂದದ್ದು ಸಂಜೆ ಏಳಕ್ಕೆ. ಕೆಲಸ ಮುಗಿಸಿ, ಮುಖ ತೊಳೆದು, ನಮ್ಮ ಎ.ಸಿ. ರೂಮಿನಲ್ಲಿ ಅರ್ಧ ಗಂಟೆ ಕಾದು ಕೂತಿದ್ದರು. ಕಣ್ಣು ತಣ್ಣಗಾದರೆ ಸರಿಹೋಗುತ್ತದೆ ಅಂತ ಅವರೇ ಹೇಳಿದ್ದರು. ನಾನು ಪರೀಕ್ಷೆ ಮಾಡಿದ್ದು ಆ ತಣ್ಣಗಾದ ಕಣ್ಣನ್ನು. ಮೇಲಾಗಿ ನಮ್ಮ ಚಾರ್ಟ್ ಅಚ್ಚ ಬಿಳಿಯ ಮೇಲೆ ಕಡುಕಪ್ಪು ಅಕ್ಷರ. ಅವರು ದಿನವಿಡೀ ನೋಡುವುದು ಆವಿಯೊಳಗಿನ ಬಿಳಿ ಎಳೆ. ಮಸುಕಾದ ಬೂದು ಅಕ್ಷರ ಓದಿಸುವ ಲೋ ಕಾಂಟ್ರಾಸ್ಟ್ ಚಾರ್ಟ್ ಅಂತ ಒಂದಿದೆ. ನರದ ತೊಂದರೆ ಇರುವವರು 6/6 ಓದಿಯೂ ಅದರಲ್ಲಿ ತಡವರಿಸುತ್ತಾರೆ. ನನ್ನ ಹತ್ತಿರ ಆಗ ಅದು ಇರಲಿಲ್ಲ.

ಬಿಸಿಗೆ ಕಣ್ಣು ಮಂಜಾಗುವುದಕ್ಕೆ ಒಂದು ಹೆಸರೇ ಇದೆ, ಊಟ್‌ಹಾಫ್ ಫಿನಾಮಿನನ್. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿ ಬರೆದಿಟ್ಟದ್ದು. ಮಿದುಳು, ಬೆನ್ನುಹುರಿ, ಕಣ್ಣಿನ ನರದ ಪೊರೆ ಹಾಳಾಗುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಇದ್ದವರಿಗೆ ಮೈ ಬಿಸಿಯಾದಾಗ ದೃಷ್ಟಿ ಮಂಕಾಗುತ್ತದೆ, ತಣ್ಣಗಾದರೆ ವಾಪಸ್ ಬರುತ್ತದೆ. ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಅದು ಶಿಡ್ಲಘಟ್ಟದ ಬೇಸಿನ್ ಮುಂದೆ ನಿಂತು ಬರುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇ ತಿಂಗಳಲ್ಲಿ ಮತ್ತೆ ಬಂದರು. ಈ ಸಲ ಮಂಜು ಹೋಗುತ್ತಿರಲಿಲ್ಲ. ಕಣ್ಣು ಆಚೀಚೆ ತಿರುಗಿಸಿದರೆ ಹಿಂದೆ ಯಾರೋ ಎಳೆದ ಹಾಗೆ ನೋವು. ಬಲಗಣ್ಣು 6/18. ಸಣ್ಣ ತೂತಿನ ಮುಚ್ಚಳ, ಅಂದರೆ ಪಿನ್‌ಹೋಲ್ ಹಾಕಿದರೂ ಅಷ್ಟೇ. ಪಿನ್‌ಹೋಲ್‌ನಲ್ಲಿ ಸುಧಾರಿಸದಿದ್ದರೆ ಅದು ಬರೀ ನಂಬರಿನ ಸಮಸ್ಯೆ ಅಲ್ಲ. ಪುಣ್ಯಕ್ಕೆ ಅವತ್ತು ಡಾಕ್ಟರ್ ಬರುವ ದಿನ. ಹೊರಗೆ ಹದಿನೈದು ಜನ ಕೂತಿದ್ದರು. ಟೈಮ್ ಉಳಿಯಲಿ ಅಂತ ನಾನು ಎಂದಿನಂತೆ ಎರಡೂ ಕಣ್ಣಿಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಕೂರಿಸಿದೆ.

ಡಾಕ್ಟರ್ ಬಂದು ಒಂದೇ ಪ್ರಶ್ನೆ ಕೇಳಿದರು. "ಡ್ರಾಪ್ಸ್ ಹಾಕೋ ಮುಂಚೆ ಪಾಪೆ ನೋಡಿದ್ರಾ?"

ನೋಡಿರಲಿಲ್ಲ.

ಕಣ್ಣಿನ ನರಕ್ಕೆ ಉರಿಯೂತ ಬಂದರೆ ಅದು ಆಪ್ಟಿಕ್ ನ್ಯೂರೈಟಿಸ್. ಎಂ.ಎಸ್. ಎಷ್ಟೋ ಜನರಲ್ಲಿ ಮೊದಲು ಕಾಣಿಸುವುದೇ ಹೀಗೆ. ಮೂವರಲ್ಲಿ ಇಬ್ಬರಿಗೆ ಉರಿಯೂತ ಕಣ್ಣುಗುಡ್ಡೆಯ ಹಿಂದೆ ಇರುವುದರಿಂದ ಒಳಗೆ ಎಷ್ಟು ಇಣುಕಿದರೂ ನರದ ತುದಿ ನಾರ್ಮಲ್ಲಾಗಿಯೇ ಕಾಣುತ್ತದೆ. ಅದನ್ನು ಬಯಲು ಮಾಡುವುದು ಪಾಪೆ. ಕೋಣೆ ಕತ್ತಲು ಮಾಡಿ, ದೂರ ನೋಡಲು ಹೇಳಿ, ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ತೂಗಬೇಕು. ಒಂದೊಂದರಲ್ಲೂ ಎರಡು ಮೂರು ಸೆಕೆಂಡು. ಸರಿಯಿರುವ ಪಾಪೆ ಕುಗ್ಗಿಯೇ ಇರುತ್ತದೆ. ಬೆಳಕು ಬಿದ್ದಾಗ ಪಾಪೆ ಹಿಗ್ಗಿದರೆ ಆ ಕಣ್ಣಿನ ನರ ಬೆಳಕನ್ನು ಸರಿಯಾಗಿ ಒಯ್ಯುತ್ತಿಲ್ಲ. ಒಂದು ನಿಮಿಷದ ಕೆಲಸ. ನಾನು ಡ್ರಾಪ್ಸ್ ಹಾಕಿ ಆ ಸಾಕ್ಷಿಯನ್ನೇ ಅಳಿಸಿಬಿಟ್ಟಿದ್ದೆ.

ಡಾಕ್ಟರಿಗೆ ಅನುಮಾನ ಇತ್ತು, ನಾಳೆಯೇ ಬನ್ನಿ ಅಂದರು. ದಿನಗೂಲಿಯವರಿಗೆ ನಾಳೆಯೇ ಬರುವುದು ಅಷ್ಟು ಸುಲಭ ಅಲ್ವಾ? ಅವರು ಬಂದದ್ದು ನಾಲ್ಕು ದಿನ ಬಿಟ್ಟು. ನಡುವೆ ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರು. ದೃಷ್ಟಿ 6/36ಕ್ಕೆ ಇಳಿದಿತ್ತು.

ಈ ಸಲ ಡ್ರಾಪ್ಸ್ ಹಾಕಲಿಲ್ಲ, ಬಾಟಲಿಯ ಕೆಂಪು ಮುಚ್ಚಳ ಮಾತ್ರ ತೆಗೆದುಕೊಂಡೆ. ನರ ಸೊರಗಿದ ಕಣ್ಣಿಗೆ ಕೆಂಪು ಮಸುಕಾಗಿ ಕಾಣುತ್ತದೆ. ಎಡಗಣ್ಣಿಗೆ ತೋರಿಸಿದೆ. "ಈ ಕಣ್ಣಲ್ಲಿ ಇದು ಒಂದು ರೂಪಾಯಿ ಕೆಂಪು ಅಂದ್ಕೊಳ್ಳಮ್ಮ. ಆ ಕಣ್ಣಲ್ಲಿ ಎಷ್ಟು ಪೈಸೆ?" ಅವರು ಕಣ್ಣು ಬದಲಿಸಿ ಬದಲಿಸಿ ನೋಡಿದರು. "ಮೂವತ್ತು ಪೈಸೆ ಸಾರ್. ಹಳೇ ಇಟ್ಟಿಗೆ ಥರ." ಟಾರ್ಚ್ ತೂಗಿದೆ. ಬಲಪಾಪೆ ಬೆಳಕಿನಲ್ಲೇ ಮೆಲ್ಲಗೆ ಅರಳಿತು.

ಆಮೇಲೆ ನಾನು ಎಂದೂ ಕೇಳದ ಪ್ರಶ್ನೆಗಳನ್ನು ಡಾಕ್ಟರ್ ಕೇಳಿದರು. ಮೊದಲು ಯಾವಾಗಾದರೂ ಕೈಕಾಲು ಜೋಮು ಹಿಡಿದು ವಾರಗಟ್ಟಲೆ ಇತ್ತಾ? ತಲೆ ಬಗ್ಗಿಸಿದರೆ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗಾಗುತ್ತಾ? ಎರಡಕ್ಕೂ ಹೌದು. ಎರಡು ವರ್ಷದ ಹಿಂದೆ, ಬಾಣಂತನದಲ್ಲಿ, ಎಡಗಾಲು ಮೂರು ವಾರ ಜೋಮು. ಮನೆಯವರು ಬಾಣಂತಿಗೆ ಶೀತ ಹಿಡಿದಿದೆ ಅಂತ ಬೆಳ್ಳುಳ್ಳಿ ತಿನ್ನಿಸಿ ಬೆಚ್ಚಗೆ ಮಲಗಿಸಿದ್ದರಂತೆ. ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಎಂ.ಎಸ್. ಕೆರಳುವುದು ಜಾಸ್ತಿ ಅಂತ ನನಗೆ ಗೊತ್ತಾದದ್ದು ಅವತ್ತೇ.

ಎಲ್ಲಿಗೆ ಕಳಿಸಬೇಕು ಅನ್ನುವುದು ಮುಂದಿನ ಪ್ರಶ್ನೆ. ನಮ್ಮ ಕಡೆಯವರಿಗೆ ಕಣ್ಣು ಅಂದರೆ ಮಿಂಟೋ, ನರ ಅಂದರೆ ನಿಮ್ಹಾನ್ಸ್. ಎರಡೂ ಬೆಂಗಳೂರಿನಲ್ಲೇ ಇವೆ. ಇಲ್ಲಿ ಬೇಕಾದದ್ದು ಎರಡರ ನಡುವಿನವರು, ನ್ಯೂರೋ ಆಫ್ತಾಲ್ಮಾಲಜಿಸ್ಟ್. ಅವರ ಜೊತೆ ನ್ಯೂರಾಲಜಿಸ್ಟ್. ಎಂ.ಆರ್.ಐ., ನರದ ಪದರ ಅಳೆಯುವ ಓ.ಸಿ.ಟಿ., ದೃಷ್ಟಿ ಕ್ಷೇತ್ರದ ಪರೀಕ್ಷೆ, ಎಲ್ಲ ಆಗಬೇಕು. ಜೊತೆಗೊಂದು ರಕ್ತಪರೀಕ್ಷೆ. ಅಕ್ವಾಪೊರಿನ್-4 ಅನ್ನುವ ಪ್ರೋಟೀನಿನ ವಿರುದ್ಧ ಆಂಟಿಬಾಡಿ ಇದ್ದರೆ ಅದು ಎಂ.ಎಸ್. ಅಲ್ಲ, ನ್ಯೂರೋಮೈಲೈಟಿಸ್ ಆಪ್ಟಿಕಾ. ಹೊರಗಿಂದ ಒಂದೇ ಥರ ಕಾಣುತ್ತದೆ. ಆದರೆ ಎಂ.ಎಸ್.ನ ಕೆಲವು ಔಷಧ ಅದನ್ನು ಇನ್ನೂ ಕೆರಳಿಸುತ್ತವೆ.

ಮಾತ್ರೆಯ ವಿಷಯ ಕೇಳಿ ಡಾಕ್ಟರಿಗೆ ಸಿಟ್ಟು ಬಂತು. ಅಮೆರಿಕದಲ್ಲಿ ಇದಕ್ಕೆಂದೇ ಮಾಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 1992ರಲ್ಲೇ ಬಂದಿದೆ. ಮಾಮೂಲಿ ಡೋಸಿನ ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಮಾತ್ರ ನುಂಗಿದವರಿಗೆ ಈ ಉರಿಯೂತ ಮರುಕಳಿಸುವುದು ಹೆಚ್ಚಾಯಿತು. ದಿನಕ್ಕೆ 1 ಗ್ರಾಂ ಮಿಥೈಲ್‌ಪ್ರೆಡ್ನಿಸೊಲೋನ್ ಮೂರು ದಿನ ರಕ್ತನಾಳಕ್ಕೆ ಹಾಕಿದವರಿಗೆ ದೃಷ್ಟಿ ಬೇಗ ಬಂತು. ಬೇಗ ಬಂತು ಅಷ್ಟೇ. ಆರು ತಿಂಗಳಿಗೆ ನೋಡಿದರೆ ಎಲ್ಲರ ದೃಷ್ಟಿಯೂ ಹೆಚ್ಚುಕಮ್ಮಿ ಒಂದೇ. ಅದೇ ರೋಗಿಗಳನ್ನು 15 ವರ್ಷ ಹಿಂಬಾಲಿಸಿದಾಗ, ಮೊದಲ ಎಂ.ಆರ್.ಐ.ಯಲ್ಲಿ ಮಿದುಳಿನಲ್ಲಿ ಕಲೆ ಇಲ್ಲದವರಲ್ಲಿ 25% ಜನರಿಗೆ ಎಂ.ಎಸ್. ಬಂದಿತ್ತು, ಒಂದಾದರೂ ಕಲೆ ಇದ್ದವರಲ್ಲಿ 72%. ಎಂ.ಆರ್.ಐ.ಗೆ ದುಡ್ಡಿಲ್ಲ, ಆಮೇಲೆ ನೋಡೋಣ ಅನ್ನುವವರಿಗೆ ಈಗ ಇದನ್ನೇ ಬಿಡಿಸಿ ಹೇಳುತ್ತೇನೆ.

ಅವತ್ತು ಡಾಕ್ಟರ್ ನನ್ನ ಕೈಯಲ್ಲೇ ಪತ್ರ ಬರೆಸಿದರು. ನಾನು "ಬಲಗಣ್ಣು ಮಂಜು, ಪರೀಕ್ಷಿಸಿ" ಅಂತ ಬರೆದು ಕೊಟ್ಟೆ. ಹರಿದು ಹಾಕಿದರು. ಮೊದಲ ದಿನ ಯಾವುದು, ನೋವು ಇದೆಯಾ, ಪಿನ್‌ಹೋಲ್‌ನಲ್ಲಿ ಎಷ್ಟು, ಕೆಂಪು ಎಷ್ಟು, ಡ್ರಾಪ್ಸಿಗೆ ಮುಂಚೆ ಪಾಪೆ ಹೇಗಿತ್ತು, ಯಾವ ಮಾತ್ರೆ ಎಷ್ಟು ದಿನ ನುಂಗಿದ್ದಾರೆ, ಹಳೆಯ ಜೋಮು. ಮೇಲುಗಡೆ "ಅರ್ಜೆಂಟ್, ಆಪ್ಟಿಕ್ ನ್ಯೂರೈಟಿಸ್ ಅನುಮಾನ". ಬೆಳಿಗ್ಗೆ ಐದೂವರೆ ಬಸ್ಸು ಹತ್ತಿ ಸುಮಾರು 60 ಕಿಲೋಮೀಟರ್ ಹೋಗಿ ಓ.ಪಿ.ಡಿ. ಕ್ಯೂನಲ್ಲಿ ನಿಲ್ಲುವವರ ಪರವಾಗಿ ಮಾತಾಡುವುದು ಆ ಒಂದು ಹಾಳೆಯೇ. ಅವರಂತೂ ಕೇಳಿದರೆ "ಕಣ್ಣು ಮಂಜು" ಅಂತಲೇ ಹೇಳುತ್ತಾರೆ. ಮತ್ತೆ ಯಾರಾದರೂ ಚಾರ್ಟ್ ಮುಂದೆ ಕೂರಿಸುತ್ತಾರೆ.

ಅಲ್ಲಿ ಎಂ.ಎಸ್. ಅಂತ ಖಚಿತವಾಯಿತು. ಇಂಜೆಕ್ಷನ್ ಆಗಿ ತಿಂಗಳೊಪ್ಪತ್ತಿಗೆ ದೃಷ್ಟಿ 6/9ಕ್ಕೆ ಬಂತು. ಕೆಂಪು ಎಂಬತ್ತು ಪೈಸೆಗೆ ನಿಂತಿದೆ. ನರದ ಮೇಲಿನ ಮೈಲಿನ್ ಪೊರೆ ಹಾಳಾಗುವುದನ್ನು ನಾನು ವಿವರಿಸಲು ಹೋದರೆ ಅವರೇ, "ಎಳೆ ಮೇಲೆ ಅಂಟು ಇರುತ್ತಲ್ಲ, ಹಂಗಾ ಸಾರ್? ಅದು ಬಿಸಿನೀರಿಗೆ ಬಿಡುತ್ತೆ" ಅಂದರು. ಪೂರ್ತಿ ಹಂಗಲ್ಲ. ಬಿಸಿಯಿಂದ ಹೊಸದಾಗಿ ಏನೂ ಹಾಳಾಗಲ್ಲ, ಮೊದಲೇ ಹಾಳಾದ ಜಾಗ ಬಿಸಿಗೆ ಕೆಲಸ ನಿಲ್ಲಿಸುತ್ತದೆ ಅಂದೆ. ಆದರೂ ನನ್ನ ಉದಾಹರಣೆಗಿಂತ ಅವರದ್ದೇ ಚೆನ್ನಾಗಿತ್ತು. ಈಗ ಬೇಸಿನ್ ಬಿಟ್ಟು ನೂಲು ಸುತ್ತುವ ಕಡೆ ಕೂರುತ್ತಾರೆ. ಕೂಲಿ ಸ್ವಲ್ಪ ಕಮ್ಮಿಯಂತೆ.

ಹೋದ ಚಳಿಗಾಲದಲ್ಲಿ ಅವರ ಯಜಮಾನರು ಫೋನ್ ಮಾಡಿದರು. ಪಕ್ಕಕ್ಕೆ ನೋಡಿದರೆ ಎಲ್ಲ ಎರಡೆರಡು ಕಾಣುತ್ತಿದೆ, ಹೊಸ ಕನ್ನಡಕ ಮಾಡಿಸೋಣ ಅಂತ. ಯಾವಾಗಿಂದ ಅಂತ ಕೇಳಿದೆ. ಮೂರು ದಿನದಿಂದ. ಜ್ವರ ಇಲ್ಲ. ಬಿಸಿಲಿನಿಂದ ಬಂದು ಅರ್ಧ ಗಂಟೆಯಲ್ಲಿ ಹೋಗುವುದು ಬೇರೆ, ಜ್ವರ ಸೋಂಕು ಏನೂ ಇಲ್ಲದೆ ಒಂದು ದಿನ ದಾಟಿ ಉಳಿಯುವುದು ಬೇರೆ. ಕನ್ನಡಕ ಬೇಡ, ನಾಳೆಯೇ ನ್ಯೂರಾಲಜಿಸ್ಟ್ ಹತ್ತಿರ ಹೋಗಿ ಅಂದೆ. ಅಲ್ಲಿಯವರೆಗೆ ಹಳೆಯ ಕನ್ನಡಕದ ಒಂದು ಗಾಜಿಗೆ ಮೈಕ್ರೋಪೋರ್ ಟೇಪ್ ಅಂಟಿಸಿಕೊಳ್ಳಲಿ. ಒಂದು ಕಣ್ಣು ಮುಚ್ಚಿದರೆ ಎರಡು ಒಂದಾಗುತ್ತದೆ, ಮೆಟ್ಟಿಲು ತಪ್ಪಲ್ಲ. ಹಾಗೇ ಉಳಿದರೆ ಎರಡನ್ನು ಒಂದಾಗಿಸುವ ಪ್ರಿಸಮ್ ಗಾಜಿನ ಮಾತು ಆಮೇಲೆ. ನಾನು ಮಾರಿದ ಕಾಲು ಪಾಯಿಂಟ್ ಕನ್ನಡಕ ಕೊನೆಗೆ ಆ ಟೇಪಿಗೆ ಉಪಯೋಗಕ್ಕೆ ಬಂತು.

ಈಗ ಅವರಿಗೆ ಎಂ.ಎಸ್.ಗೆ ಫಿಂಗೋಲಿಮಾಡ್ ಅನ್ನುವ ಮಾತ್ರೆ ಶುರು ಮಾಡಿದ್ದಾರೆ. ಅದರಿಂದ ಕೆಲವರಿಗೆ ರೆಟಿನಾದ ನಡುಭಾಗ ಊದಿಕೊಳ್ಳುತ್ತದೆ. ಹಾಗಾಗಿ ಶುರು ಮಾಡಿದ ಮೂರು ನಾಲ್ಕು ತಿಂಗಳಿಗೆ ಕಣ್ಣು ತೋರಿಸಲೇಬೇಕು. ದಿನಾಂಕ ನಮ್ಮ ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಡ್ರಾಪ್ಸ್ ಟ್ರೇ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ಮೊದಲು ಟಾರ್ಚ್." ಹೊಸದಾಗಿ ಸೇರಿದ ಹುಡುಗ, ಇದೇನು ಸಾರ್ ಕರೆಂಟ್ ಹೋದಾಗಿನ ಸೂಚನೆನಾ ಅಂತ ಕೇಳಿದ.