ಬರೀ ರೈಲು ನೋಡೋಕಾ?

"ಮನೆ ಪಕ್ಕದಲ್ಲೇ ಜಂಕ್ಷನ್ ಇಟ್ಕೊಂಡು, ಬರೀ ರೈಲು ನೋಡೋಕೆ ಟೆಂಟ್ ಹೊತ್ಕೊಂಡು ಸಕಲೇಶಪುರಕ್ಕೆ ಹೋಗ್ತೀಯಾ?"

ನಾನಿರುವುದು ಅರಸೀಕೆರೆಯಲ್ಲಿ. ಮದುವೆಮನೆ, ತಿಥಿಮನೆ, ಕಟಿಂಗ್ ಶಾಪು, ಎಲ್ಲಿ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ನನಗೆ ಚುಚ್ಚುವುದು ಆ 'ಬರೀ'. ಇಡೀ ದಿನ ಕ್ರಿಕೆಟ್ ನೋಡುವವರನ್ನು ಯಾರಾದರೂ 'ಬರೀ ಚೆಂಡು ನೋಡೋಕಾ' ಅಂತ ಕೇಳಿದ್ದಾರಾ?

ಇನ್ನು ಕೆಲವರು ಕಣ್ಣು ಮಿಟುಕಿಸಿ, "ಹಳಿ ಮೇಲೆ ನಡ್ಕೊಂಡು ಹೋಗ್ತೀರಲ್ವಾ, ಗ್ರೀನ್ ರೂಟು?" ಅನ್ನುತ್ತಾರೆ. ಇಲ್ಲ ಸ್ವಾಮಿ. ಅದಕ್ಕೆ ನಿಷೇಧವಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನ ತನಕ 55 ಕಿ.ಮೀ.ಗೆ 57 ಸುರಂಗ. ಒಳಗಿರುವಾಗ ರೈಲು ಬಂದರೆ ಎಲ್ಲಿಗೆ ಓಡುತ್ತೀರಿ? ನಾನು ಪರಿಚಯದವರ ತೋಟದಲ್ಲಿ, ಕೇಳಿಕೊಂಡು, ಕಾಫಿ ಕಣದಲ್ಲಿ ಟೆಂಟ್ ಹಾಕುವವನು.

ಒಮ್ಮೆ ಭಾವನೂ ಹೀಗೇ ಕೇಳಿದರು. ಬನ್ನಿ ಅಂತ ಕರೆದುಕೊಂಡೇ ಹೋದೆ. ದೋಣಿಗಲ್ ಹತ್ತಿರ, ಅಕ್ಟೋಬರ್ ಕೊನೆ. ಸಂಜೆಯೇ ಅವರ ಕಾಲಿಗೆ ನಾಲ್ಕು ಇಂಬಳ. ರಾತ್ರಿಯೆಲ್ಲಾ ಸುಣ್ಣದ ಡಬ್ಬಿ ಹಿಡಿದುಕೊಂಡೇ ಮಲಗಿದರು.

ಎರಡು ಗಂಟೆ ಇರಬೇಕು. ಕೆಳಗೆಲ್ಲೋ ಒಂದು ಗೊರಗೊರ ಶುರುವಾಯಿತು.

"ಶಿರಾಡಿ ಘಾಟಿ ಲಾರಿ ಕಣೋ, ಮಲಕ್ಕೋ."

ಲಾರಿ ಅಲ್ಲ. ಸದ್ದು ಇದ್ದಕ್ಕಿದ್ದಂತೆ ನಿಂತಿತು. ಸುರಂಗ. ಆಮೇಲೆ ಇನ್ನೊಂದೇ ಗುಡ್ಡದ ಕಡೆಯಿಂದ ಬಂತು. ಮತ್ತೆ ನಿಂತಿತು. ಭಾವ ಎದ್ದು ಕೂತರು. ಅಲ್ಲಿನ ಏರು 50 ಮೀಟರಿಗೆ 1 ಮೀಟರ್. ಸ್ಕೂಟರಿಗೆ ಅದು ಏರೇ ಅಲ್ಲ. ಆದರೆ ಕಬ್ಬಿಣದ ಮೇಲೆ ಕಬ್ಬಿಣದ ಚಕ್ರ, ಮೇಲೆ ಇಬ್ಬನಿ. ಚಕ್ರ ಜಾರಿದರೆ ಇಂಜಿನ್ ಅದರ ಮುಂದೆ ಮರಳು ಉದುರಿಸಿಕೊಂಡು ಹತ್ತಬೇಕು.

ಅರ್ಧ ಗಂಟೆ ಬರೀ ಸದ್ದು. (ಇಲ್ಲಿ 'ಬರೀ' ನಡೆಯುತ್ತದೆ.) ಕೊನೆಗೆ ಸೇತುವೆ ಮೇಲೆ ಬೆಳಕು ಬಿತ್ತು. ಮುಂದೆ ಎರಡು ಡೀಸೆಲ್ ಇಂಜಿನ್, ಆಮೇಲೆ ಗೂಡ್ಸ್ ವ್ಯಾಗನ್ನುಗಳ ಕಟಕಟ. ಮುಗಿಯಿತು ಅನ್ನುವಷ್ಟರಲ್ಲಿ ಹಿಂದಿನಿಂದ ಮತ್ತೆ ಗರ್ಜನೆ.

"ಲೋ, ಹಿಂದೆನೂ ಇಂಜಿನ್ ಇದೆ!"

ಅದಕ್ಕೆ ಬ್ಯಾಂಕರ್ ಅಂತಾರೆ, ಭಾವ. ಹಿಂದಿನಿಂದ ತಳ್ಳೋ ಇಂಜಿನ್. ಅದೂ ದಾಟಿತು. ಅವರು ಸ್ವಲ್ಪ ಹೊತ್ತು ಕತ್ತಲನ್ನೇ ನೋಡಿದರು. "ಹೋಯ್ತಾ? ಅಷ್ಟೇನಾ?"

ಅಷ್ಟೇ. ಅರಸೀಕೆರೆಯ ಗೇಟಿನಲ್ಲಿ ಅದೇ ಗೂಡ್ಸ್ ಎರಡು ನಿಮಿಷದಲ್ಲಿ ಹೋಗಿರುತ್ತದೆ. ಹತ್ತುವುದಕ್ಕೆ ಎಷ್ಟು ಕಷ್ಟಪಟ್ಟಿತು ಅಂತ ಅಲ್ಲಿ ಗೊತ್ತಾಗುವುದಿಲ್ಲ, ಕಷ್ಟವೇ ಇಲ್ಲವಲ್ಲ. ಅದಕ್ಕೇ ಸಕಲೇಶಪುರ. ಇದೇ ನನ್ನ ಉತ್ತರ, ಇನ್ನು ಕೇಳಬೇಡಿ.

ಆದರೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಭಾವ ಇನ್ನೊಂದು ಕೇಳಿದರು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಹತ್ತೋದು ಬಿಡು. ಅಷ್ಟು ಭಾರ ಇಟ್ಕೊಂಡು ಇಳಿಯೋದು ಹೇಗೋ?"

ಲೋಟ ಕೆಳಗಿಟ್ಟೆ. ಇಳಿಯುವಾಗಲೇ ಭಯ ಜಾಸ್ತಿ ಭಾವ. ಬರೀ ಬ್ರೇಕ್ ಒತ್ತಿಕೊಂಡೇ ಇದ್ದರೆ ಚಕ್ರ ಕಾದು ಕೆಂಡವಾಗುತ್ತದೆ. ಅದಕ್ಕೆ ಇಂಜಿನ್ನಿನ ಚಕ್ರ ತಿರುಗಿಸುವ ಮೋಟಾರುಗಳನ್ನೇ ಉಲ್ಟಾ ದುಡಿಸುತ್ತಾರೆ. ಚಕ್ರ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಕರೆಂಟ್ ಹುಟ್ಟಿಸುತ್ತದೆ, ಆ ಹೊರೆಗೆ ಚಕ್ರದ ಓಟ ತಗ್ಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಆ ಕರೆಂಟು ಹೀಟರ್ ಕಾಯಿಲಿನ ತರ ಬಿಸಿಯಾಗಿ ಮಾರ್ಪಟ್ಟು, ಆ ಬಿಸಿ ಫ್ಯಾನ್ ಗಾಳಿಯಲ್ಲಿ ಹೊರಗೆ ಹೋಗುತ್ತದೆ. ಇಳಿಯುವ ರೈಲಿನ ಆ ಕೀರಲು ಸದ್ದು ಅದೇ.

"ಅದೂ ಕೈಕೊಟ್ರೆ?"

ಕ್ಯಾಚ್ ಸೈಡಿಂಗ್ ಅಂತ ಇರುತ್ತದೆ. ಪಕ್ಕಕ್ಕೆ ಕವಲೊಡೆದು ಮೇಲಕ್ಕೆ ಹತ್ತಿ ಅಲ್ಲೇ ಮುಗಿಯುವ ಹಳಿ. ಹಿಡಿತ ತಪ್ಪಿದ ರೈಲು ಅದರೊಳಗೆ ನುಗ್ಗಿ, ಏರು ಹತ್ತಲಾರದೆ ನಿಲ್ಲಬೇಕು. ಕಡ್ಡಿಯಲ್ಲಿ ಕಣದ ಮೇಲೆ ಬರೆದು ತೋರಿಸಿದೆ. ಭಾವ ಬಗ್ಗಿ ನೋಡುತ್ತಿದ್ದರು. ಅವರ ಕಾಲಿಗೆ ಐದನೆಯ ಇಂಬಳ ಹತ್ತಿತ್ತು. ನಾನು ಹೇಳಲಿಲ್ಲ.