“ಸರ್, ಇದರ ಕಾಲು ಕೂರ್ತಿಲ್ಲ”

ಅಡಾಪ್ಟರ್ ಲೈನಿನಲ್ಲಿ ಇನ್ಸರ್ಷನ್‌ಗೆ ಕೂರುವ ಅಕ್ಕ ಬೋರ್ಡನ್ನು ಎತ್ತಿ ಹಿಡಿದು ಹೇಳಿದ ಮಾತು ಇದು. “ಹಳೇದು ಹಾಗೇ ಇಳೀತಿತ್ತು ಸರ್. ಇದನ್ನ ಒಂದೊಂದೂ ಅಗಲಿಸಿ ಹಾಕ್ಬೇಕು.” ಅವರ ಕೈಯಲ್ಲಿದ್ದದ್ದು ಶರ್ಟಿನ ಗುಂಡಿಯಷ್ಟಗಲದ ನೀಲಿ ಡಿಸ್ಕ್ ಕೆಪಾಸಿಟರ್. ಬೋರ್ಡಿನಲ್ಲಿ ತೂತುಗಳ ನಡುವೆ 10 ಮಿಲಿಮೀಟರ್, ಅದರ ಕಾಲುಗಳ ನಡುವೆ 7.5. “ವ್ಯಾಲ್ಯೂ ಒಂದೇ ಅಕ್ಕಾ, ಬಗ್ಗಿಸಿ ಹಾಕಿ” ಅಂದು ನಾನು ಮುಂದೆ ಹೋದೆ.

ಹಿಂದಿನ ದಿನವೇ ಅದರ ಡೀವಿಯೇಷನ್ ಫಾರ್ಮಿಗೆ, ಅಂದರೆ ಮಾಮೂಲಿ ಪಾರ್ಟಿನ ಬದಲು ಬೇರೆಯದನ್ನು ಬಳಸಲು ಕೊಡುವ ಒಪ್ಪಿಗೆಗೆ, ನನ್ನ ಸಹಿ ಬಿದ್ದಿತ್ತು. ಮಾಮೂಲಿ ಕಂಪನಿಯ ಮಾಲು ಬರಲು ಇನ್ನೂ ವಾರಗಟ್ಟಲೆ ಬೇಕು, ಲೈನು ನಿಂತಿದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೇ ವ್ಯಾಲ್ಯೂ ರೆಡಿ ಸ್ಟಾಕ್ ಇದೆ ಅಂತ ಪರ್ಚೇಸ್‌ನವರು ಬರೆದಿದ್ದರು. ವ್ಯಾಪಾರಿ ಕೇಳಿದ್ದನ್ನೇ ಕೊಟ್ಟಿದ್ದಾರೆ, ಅವರದ್ದೇನೂ ತಪ್ಪಿಲ್ಲ. ಕೇಳಿದ್ದೇ ತಪ್ಪು. ಫಾರ್ಮಿನಲ್ಲಿ ಇದ್ದದ್ದು ಇಷ್ಟು: 2.2 ನ್ಯಾನೋಫ್ಯಾರಡ್, 250 ವೋಲ್ಟ್ ಎಸಿ, ಡಿಸ್ಕ್, ನೀಲಿ. ಹಳೆಯದಕ್ಕೂ ಹೊಸದಕ್ಕೂ ನಾಲ್ಕೂ ಹೊಂದುತ್ತವೆ. ಬರೆಯದೆ ಬಿಟ್ಟದ್ದು ಐದನೆಯದು, ಸುರಕ್ಷತೆಯ ಕ್ಲಾಸ್. ಹಳೆಯದು ವೈ1, ಹೊಸದು ವೈ2.

ಅಡಾಪ್ಟರ್ 12 ವೋಲ್ಟ್, 2 ಆಂಪ್‌ನದು, ಸಿಸಿಟಿವಿಗೂ ರೂಟರಿಗೂ ಹೋಗುವ ಮಾಲು. ಎರಡೇ ಪಿನ್ನಿನ ಪ್ಲಗ್, ಅರ್ತ್ ಇಲ್ಲ. ಲೇಬಲ್ ಮೇಲೆ ಚೌಕದೊಳಗೊಂದು ಚೌಕ ಇರುತ್ತದಲ್ಲ, ಅದು ಹೇಳುವುದು ಇದನ್ನೇ: ಅರ್ತ್ ಇಲ್ಲ, ಇರುವ ಇನ್ಸುಲೇಷನ್ನೇ ಇಮ್ಮಡಿ. ಬೋರ್ಡಿನ ಒಂದು ಕಡೆ ಗೋಡೆಯ 230 ವೋಲ್ಟ್, ಇನ್ನೊಂದು ಕಡೆ ಜನ ಕೈಯಲ್ಲಿ ಹಿಡಿಯುವ 12 ವೋಲ್ಟ್, ನಡುವೆ ತಾಮ್ರವಿಲ್ಲದ ಒಂದು ಪಟ್ಟಿ. ಇಂಥ ಸಾಮಾನಿನ ಸುರಕ್ಷತೆಯ ಭಾರತೀಯ ಮಾನಕ ಐಎಸ್ 13252 (ಭಾಗ 1) ಪ್ರಕಾರ ನಮ್ಮ ಬೋರ್ಡಿನಂಥ ಮಾಮೂಲಿ ಮೆಟೀರಿಯಲ್ಲಿಗೆ, 250 ವೋಲ್ಟ್ ವರ್ಕಿಂಗ್ ವೋಲ್ಟೇಜಿಗೆ, ಪೊಲ್ಯೂಷನ್ ಡಿಗ್ರಿ 2ರಲ್ಲಿ (ಮನೆ, ಆಫೀಸಿನ ಮಾಮೂಲಿ ಧೂಳು) ಆ ಪಟ್ಟಿಯ ಮೇಲ್ಮೈ ಅಂತರ ಕನಿಷ್ಠ 5 ಮಿಮೀ, ಗಾಳಿಯ ಅಂತರ 4 ಮಿಮೀ ಇರಬೇಕು. ನಮ್ಮ ಡಿಸೈನಿನಲ್ಲಿ ಅದನ್ನು ದಾಟಿ ಕೂರುವ ಪಾರ್ಟುಗಳು ಮೂರೇ: ಟ್ರಾನ್ಸ್‌ಫಾರ್ಮರ್, ಆಪ್ಟೊಕಪ್ಲರ್, ಈ ವೈ ಕೆಪಾಸಿಟರ್. ಕೆಪಾಸಿಟರ್ ಅಲ್ಲಿರುವುದು ಸ್ವಿಚಿಂಗ್ ನಾಯ್ಸ್ ವಾಪಸ್ ಪ್ರೈಮರಿಗೆ (230 ವೋಲ್ಟಿನ ಕಡೆಗೆ) ಹೋಗಲು ದಾರಿ ಮಾಡಿಕೊಡುವುದಕ್ಕೆ. ಕಿತ್ತರೆ ಇಎಂಐ (ವಿದ್ಯುತ್ಕಾಂತೀಯ ಅಡಚಣೆ) ಸ್ಕ್ಯಾನಿನಲ್ಲಿ ಗೆರೆ ಮೇಲೆ ಹೋಗುತ್ತದೆ. ಇಟ್ಟರೆ ಇಮ್ಮಡಿ ಇನ್ಸುಲೇಷನ್ನಿನ ಪೂರ್ತಿ ಹೊಣೆ ಅದರ ತಲೆಯ ಮೇಲೆ.

ಆ ಹೊಣೆಯನ್ನು ಒಂಟಿಯಾಗಿ ಹೊರಲು ವೈ1ಗೆ ಮಾತ್ರ ಒಪ್ಪಿಗೆ ಇದೆ. ಟೈಪ್ ಟೆಸ್ಟಿನಲ್ಲಿ, ಅಂದರೆ ಆ ಮಾದರಿಗೆ ಮಾನ್ಯತೆ ಕೊಡುವ ಮೊದಲಿನ ಪರೀಕ್ಷೆಯಲ್ಲಿ, ಅದು 8 ಕಿಲೋವೋಲ್ಟ್ ಇಂಪಲ್ಸ್ ಮತ್ತು 4000 ವೋಲ್ಟ್ ಎಸಿ ತಡೆದುಕೊಂಡು ಬಂದಿರುತ್ತದೆ. ವೈ2 ತಡೆದದ್ದು 5 ಕಿಲೋವೋಲ್ಟ್ ಮತ್ತು 1500 ವೋಲ್ಟ್, ಅಂದರೆ ಬೇಸಿಕ್ (ಒಂದೇ ಪದರದ) ಇನ್ಸುಲೇಷನ್ನಿನ ಲೆಕ್ಕ. ವೈ2 ಬಳಸಲೇಬೇಕಾದರೆ ಒಂದೇ ವ್ಯಾಲ್ಯೂನ ಎರಡನ್ನು ಸೀರೀಸಿನಲ್ಲಿ ಹಾಕಬೇಕು. ಎರಡು 4.7 ನ್ಯಾನೋ ಹಾಕಿದರೆ 2.35 ಆಗುತ್ತದೆ. ಬೋರ್ಡಿನಲ್ಲಿ ಅದಕ್ಕೆ ಜಾಗವೂ ಬೇಕು, ಲ್ಯಾಬಿನ ರಿಪೋರ್ಟಿನಲ್ಲೂ ಹಾಗೇ ಬರಬೇಕು. ಒಂಟಿ ವೈ2 ಶಾರ್ಟ್ ಆದರೆ 12 ವೋಲ್ಟಿನ ಜಾಕಿನಲ್ಲಿ ಗೋಡೆಯ ಕರೆಂಟು ಬಂದು ನಿಲ್ಲುತ್ತದೆ. ಕಬ್ಬಿಣದ ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಇನ್ನೊಂದು ಕೈಯಿಂದ ಆ ಜಾಕನ್ನು ಚುಚ್ಚುವವರು ಕ್ಯಾಮೆರಾ ಹಾಕಲು ಬಂದ ಹುಡುಗರು. ಬರೆಯುವಾಗಲೂ ಕಣ್ಣ ಮುಂದೆ ಅವರೇ ಬರುತ್ತಾರೆ.

ನಮ್ಮ ಒಂದು ಟೆಸ್ಟೂ ಇದನ್ನು ಹಿಡಿಯಲಿಲ್ಲ. ಹಿಡಿಯುವುದು ಸಾಧ್ಯವೂ ಇರಲಿಲ್ಲ, ಅದು ನನಗೆ ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು. ಐಕ್ಯೂಸಿಯಲ್ಲಿ (ಒಳಬರುವ ಮಾಲಿನ ತಪಾಸಣೆ) ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ 2.2 ತೋರಿಸಿತು, ಪಾಸ್. ಲೈನಿನ ಕೊನೆಯಲ್ಲಿ ಹೈ-ಪಾಟ್, ಅಂದರೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ನೋಡುವ ಟೆಸ್ಟ್: 3000 ವೋಲ್ಟ್ ಎಸಿ, 3 ಸೆಕೆಂಡ್, ಟ್ರಿಪ್ 5 ಮಿಲಿಆಂಪ್. 50 ಹರ್ಟ್ಸ್‌ನಲ್ಲಿ 2.2 ನ್ಯಾನೋ ಮೂಲಕ 3000 ವೋಲ್ಟಿಗೆ ಹರಿಯುವುದು ಸುಮಾರು 2.07 ಮಿಲಿಆಂಪ್, ವೈ1 ಆದರೂ ಅಷ್ಟೇ, ವೈ2 ಆದರೂ ಅಷ್ಟೇ. 1500ಕ್ಕೆ ಟೈಪ್ ಟೆಸ್ಟ್ ಆದ ಪಾರ್ಟು 3000ಕ್ಕೆ 3 ಸೆಕೆಂಡ್ ನಿಂತುಬಿಟ್ಟರೆ ಮೆಷಿನ್ನಿನ ಹಸಿರು ದೀಪ ಉರಿಯುತ್ತದೆ. ವರ್ಷಗಟ್ಟಲೆ ಮಳೆಗಾಲದ ಸಿಡಿಲಿನ ಸರ್ಜ್ ಬಂದಾಗ ನಿಲ್ಲುತ್ತದೋ ಇಲ್ಲವೋ ಅನ್ನುವುದು ಆ ದೀಪಕ್ಕೆ ಗೊತ್ತಿಲ್ಲ. ಟಚ್ ಕರೆಂಟ್, ಅಂದರೆ ಮುಟ್ಟಿದವರ ಮೈಯಲ್ಲಿ ಹರಿಯುವ ಕರೆಂಟು, ಅದರ ಮಿತಿ 0.25 ಮಿಲಿಆಂಪ್. ಅದೂ ಕೆಪಾಸಿಟೆನ್ಸಿನ ಮೇಲೆ ನಿಂತದ್ದರಿಂದ ಬದಲಾಗಲಿಲ್ಲ. ಇಎಂಐ ಕೂಡ ಹಾಗೇ. ವ್ಯತ್ಯಾಸ ಎದ್ದು ಕಂಡದ್ದು ಎರಡೇ ಕಡೆ: ಡಿಸ್ಕಿನ ಮೇಲಿನ ಅಚ್ಚಿನಲ್ಲಿ, ಕಾಲಿನ ಅಂತರದಲ್ಲಿ. ಎರಡನೆಯದನ್ನು ಅಕ್ಕ ಬಾಯಿಬಿಟ್ಟು ಹೇಳಿದ್ದರು.

ಶನಿವಾರ ಸಂಜೆ ನಾಲ್ಕು ಇಪ್ಪತ್ತು. ಹೊಸ ಮಾಡೆಲ್ ಸೇರಿಸಲು ಲ್ಯಾಬಿಗೆ ಕಳಿಸುವ ಕಾಗದ ಜೋಡಿಸುತ್ತಾ ಹಳೆಯ ಟೆಸ್ಟ್ ರಿಪೋರ್ಟಿನ ಫೋಟೋ ಪುಟ ತೆರೆದಿದ್ದೆ. ಪಕ್ಕದಲ್ಲೇ ಲೈನಿನಿಂದ ತಂದ ಬೋರ್ಡು. ಫೋಟೋದಲ್ಲಿ ಡಿಸ್ಕ್ ನೆಟ್ಟಗೆ ನಿಂತಿದೆ. ನನ್ನ ಬೋರ್ಡಿನಲ್ಲಿ ಅದು ಕಾಲು ಅಗಲಿಸಿಕೊಂಡು ಕೂತಿದೆ. ಲೆನ್ಸ್ ಹಿಡಿದು ಓದಿದೆ: ಎಕ್ಸ್1 ವೈ2. ಇನ್ನೊಂದು ಬೋರ್ಡು ತರಿಸಿದೆ, ಅದರಲ್ಲೂ ಅದೇ. ಐದು ಗಂಟೆಗೆ ಲಾರಿ ಹೊರಡಬೇಕು, 42 ಕಾರ್ಟನ್, ತಲಾ 50. ಅಷ್ಟೂ 2,100ರಲ್ಲಿ ಕೆಟ್ಟವು ಯಾವುವು?

ಆ ನಲವತ್ತು ನಿಮಿಷ ಕಲಿಸಿದ್ದನ್ನು ಯಾವ ಆಡಿಟ್ಟೂ ನಮಗೆ ಕಲಿಸಿರಲಿಲ್ಲ. ಮೊದಲು ಅನಿಸಿದ್ದು ಸೀರಿಯಲ್ ನಂಬರ್ ನೋಡಿ ಬೇರ್ಪಡಿಸೋಣ ಅಂತ. ಆದರೆ ಸೀರಿಯಲ್ ಬೀಳುತ್ತಿದ್ದದ್ದು ಲೇಬಲ್ ಪ್ರಿಂಟ್ ಆದ ದಿನಕ್ಕೆ, ಬೋರ್ಡಿನ ಲಾಟಿಗಲ್ಲ. ಸೋಮವಾರ ಪ್ರಿಂಟ್ ಮಾಡಿದ ರೋಲ್ ಶುಕ್ರವಾರದ ಬೋರ್ಡಿಗೂ ಹೋಗಿದೆ. ಬಿಚ್ಚಿ ನೋಡೋಣವೆಂದರೆ ಕ್ಯಾಬಿನೆಟ್ ಅಲ್ಟ್ರಾಸಾನಿಕ್ ವೆಲ್ಡ್ ಆಗಿದೆ, ಬಿಚ್ಚುವುದೆಂದರೆ ಒಡೆಯುವುದೇ. ಹೈ-ಪಾಟ್ ಲಾಗ್ ನೋಡೋಣವೆಂದರೆ ಎಲ್ಲವೂ 2ರ ಆಸುಪಾಸಿನಲ್ಲಿವೆ. ಕಾರ್ಟನ್ನಿಗೆ ಒಂದರಂತೆ ಎಂಟು ಕಾರ್ಟನ್ನಿನಿಂದ ತೆಗೆದು ಸುತ್ತಿಗೆಯಲ್ಲಿ ಒಡೆದೆವು. ಮೂರರಲ್ಲಿ ವೈ2, ಐದರಲ್ಲಿ ವೈ1, ಯಾವ ಕ್ರಮವೂ ಇಲ್ಲ. ಲಾರಿಯಿಂದ ಎಲ್ಲವನ್ನೂ ಇಳಿಸಿದೆವು. ಹಿಂದಿನ ರಾತ್ರಿ ಹುಬ್ಬಳ್ಳಿಗೆ ಹೋಗಿದ್ದ 8 ಕಾರ್ಟನ್ ಇನ್ನೂ ಗೋಡೌನಿನಲ್ಲೇ ಇತ್ತು, ಅದನ್ನೂ ವಾಪಸ್ ತರಿಸಿದೆವು. ಬ್ಯಾಚ್ ಕಾರ್ಡ್ (ಯಾವ ಲಾಟಿನ ಪಾರ್ಟು ಯಾವ ಬೋರ್ಡಿಗೆ ಹೋಯಿತು ಅನ್ನುವ ದಾಖಲೆ) ಸರಿಯಾಗಿದ್ದಿದ್ದರೆ ಹಿಡಿಯಬೇಕಾದದ್ದು ಒಂದೂವರೆ ದಿನದ ಉತ್ಪಾದನೆ. ಹಿಡಿದದ್ದು ಇಡೀ ವಾರದ್ದು.

ಎಷ್ಟು ನಷ್ಟ ಅಂತ ಮೀಟಿಂಗಿನಲ್ಲಿ ಬಹಳ ಹೊತ್ತು ಮಾತಾಯಿತು. ಲೇಬಲ್ ಸರಿ ಇದೆಯಲ್ಲ, ರಿಜಿಸ್ಟ್ರೇಷನ್ ಇದೆಯಲ್ಲ, ಹೈ-ಪಾಟ್ ಪಾಸ್ ಇದೆಯಲ್ಲ, ಮತ್ತೇಕೆ ತಡೆಯಬೇಕು ಅನ್ನುವ ಪ್ರಶ್ನೆಯೂ ಬಂತು. ನಿಜ, ನಮ್ಮ ಲೇಬಲ್ ಬಹಳ ಗಟ್ಟಿ. ನೀರಿನಲ್ಲಿ ಅದ್ದಿದ ಬಟ್ಟೆಯಿಂದ 15 ಸೆಕೆಂಡ್, ಪೆಟ್ರೋಲಿಯಂ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ 15 ಸೆಕೆಂಡ್ ಉಜ್ಜಿದರೂ ಅಕ್ಷರ ಅಳಿಸುವುದಿಲ್ಲ, ಅಂಚು ಸುರುಟುವುದಿಲ್ಲ. ಅದಕ್ಕಾಗಿಯೇ ವ್ಯಾಕ್ಸ್ ರಿಬ್ಬನ್ ಬಿಟ್ಟು ಪಾಲಿಯೆಸ್ಟರ್ ಮೇಲೆ ರೆಸಿನ್ ರಿಬ್ಬನ್ನಿಗೆ ಹೋಗಿದ್ದೆವು. ಮೇಲೆ ಐಎಸ್ ನಂಬರ್, ನಡುವೆ ಮಾರ್ಕ್, ಕೆಳಗೆ ಆರ್ ಅಕ್ಷರದ ಮುಂದೆ ಎಂಟು ಅಂಕಿ, ಎಲ್ಲವೂ ಸ್ಪಷ್ಟ. ಆದರೆ ಭಾರತೀಯ ಮಾನಕ ಬ್ಯೂರೊ ಬಿಐಎಸ್‌ನ ಈ ಕಡ್ಡಾಯ ನೋಂದಣಿ, 2012ರ ಆದೇಶದಿಂದ ಬಂದದ್ದು, ತಯಾರಕರ ಸ್ವಯಂಘೋಷಣೆಯ ಮೇಲೆ ನಿಂತಿದೆ. ಲ್ಯಾಬು ನೋಡುವುದು ನಾವು ಕಳಿಸಿದ ಸ್ಯಾಂಪಲ್ಲನ್ನು. ಅಂಥದ್ದನ್ನೇ ಪ್ರತಿದಿನ ಮಾಡುತ್ತೇವೆ ಅಂತ ಬರೆದುಕೊಟ್ಟವರು ನಾವು. ರಿಪೋರ್ಟಿನ ಕ್ರಿಟಿಕಲ್ ಪಾರ್ಟುಗಳ ಪಟ್ಟಿಯಲ್ಲಿ (ಸಿಸಿಎಲ್) ಇಲ್ಲದ ಪಾರ್ಟು ಒಳಗೆ ಕೂತ ಕ್ಷಣದಿಂದ ಆ ಎಂಟು ಅಂಕಿ ನಮ್ಮ ಆ ಡಬ್ಬಿಯದ್ದಲ್ಲ. ಇದನ್ನು ಅಷ್ಟು ಖಡಾಖಂಡಿತವಾಗಿ ಹೇಳಬೇಕಾಯಿತು, ಹೇಳಿದ ಮೇಲೆ ಒಪ್ಪಿದರು.

ಡೀವಿಯೇಷನ್ ಫಾರ್ಮಿನ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಕಾರಣಕ್ಕೆ ಒಂದು ಡಬ್ಬ, ಪ್ರಮಾಣಕ್ಕೆ ಒಂದು ಡಬ್ಬ, ಮೂರು ಸಹಿ. ‘ಇದು ಸಿಸಿಎಲ್‌ನಲ್ಲಿರುವ ಪಾರ್ಟೇ?’ ಅನ್ನುವ ಪ್ರಶ್ನೆಯೇ ಇರಲಿಲ್ಲ. ಕಂಪನಿಯ ಸಾಫ್ಟ್‌ವೇರ್ ಇಆರ್‌ಪಿಯಲ್ಲಿ ಡಿಸ್ಕ್ರಿಪ್ಷನ್‌ಗೆ 40 ಅಕ್ಷರ ಮಾತ್ರ. ವೈ1 ಅನ್ನುವುದು ಸಾಲಿನ ಕೊನೆಯಲ್ಲಿತ್ತು, ಪ್ರಿಂಟಿನಲ್ಲಿ ಕತ್ತರಿಸಿ ಹೋಗಿತ್ತು. ಪರ್ಚೇಸ್‌ನವರಿಗೆ ಕಂಡದ್ದು 250 ವೋಲ್ಟ್‌ವರೆಗೆ ಮಾತ್ರ. ಈಗ ಕ್ಲಾಸನ್ನು ಮೊದಲಿಗೆ ತಂದಿದ್ದೇವೆ: ‘ವೈ1 ಕೆಪಾಸಿಟರ್, 2.2 ನ್ಯಾನೋ, ಪಿಚ್ 10’. ಬಿಒಎಂನಲ್ಲಿ (ಪಾರ್ಟುಗಳ ಪಟ್ಟಿ) ಫ್ಯೂಸ್, ಎಕ್ಸ್ ಕೆಪಾಸಿಟರ್, ವೈ ಕೆಪಾಸಿಟರ್, ಬ್ಲೀಡರ್, ವೇರಿಸ್ಟರ್, ಆಪ್ಟೊ, ಟ್ರಾನ್ಸ್‌ಫಾರ್ಮರಿನ ಬಾಬಿನ್, ವೈರ್, ಟೇಪ್, ಬೋರ್ಡ್, ಕ್ಯಾಬಿನೆಟ್ಟಿನ ಪ್ಲಾಸ್ಟಿಕ್, ಪ್ಲಗ್ ಪಿನ್, ಇಷ್ಟಕ್ಕೆ ಹಳದಿ ಬಣ್ಣ. ಹಳದಿ ಸಾಲಿಗೆ ಡೀವಿಯೇಷನ್ ಇಲ್ಲ. ಬೇರೆ ಮೇಕ್ ಬೇಕಾದರೆ ಮೊದಲು ಲ್ಯಾಬ್, ರಿಪೋರ್ಟಿನಲ್ಲಿ ಹೆಸರು, ಆಮೇಲೆ ಆರ್ಡರ್. ಹೊಸ ಮಾಡೆಲ್ ಕೊಡುವಾಗಲೇ ಪ್ರತಿ ಹಳದಿ ಪಾರ್ಟಿಗೆ ಎರಡು ಮೂರು ಮೇಕ್ ಸೇರಿಸಿ ಕೊಟ್ಟುಬಿಡಿ. ಆಗ ಅದು ಬಹಳ ಸುಲಭ, ಲೈನು ನಿಂತಾಗ ಬಹಳ ಕಷ್ಟ.

ವ್ಯಾಲ್ಯೂ ಬದಲಿಸುವುದು ಇನ್ನೊಂದು ಹಳ್ಳ, ಅದರಲ್ಲೂ ಗೋಡೆಯ ಕರೆಂಟಿನ ಎರಡು ತಂತಿಗಳ ನಡುವೆ ಕೂರುವ ಎಕ್ಸ್ ಕೆಪಾಸಿಟರಿನಲ್ಲಿ. ಇಎಂಐ ಸ್ವಲ್ಪ ತಪ್ಪುತ್ತಿದೆ ಅಂತ 0.22 ಮೈಕ್ರೊವನ್ನು 0.33 ಮಾಡುವವರಿದ್ದಾರೆ. ಅಡ್ಡಲಾಗಿ 2 ಮೆಗಾಓಮ್‌ನ ಎರಡು ಬ್ಲೀಡರ್ (ಚಾರ್ಜ್ ಖಾಲಿ ಮಾಡುವ ರೆಸಿಸ್ಟರ್) ಸೀರೀಸಿನಲ್ಲಿದ್ದರೆ ಒಟ್ಟು 4 ಮೆಗಾಓಮ್. 0.22ಕ್ಕೆ ಟೈಮ್ ಕಾನ್‌ಸ್ಟಂಟ್ (ವೋಲ್ಟೇಜ್ ಮೂರರಲ್ಲೊಂದರ ಆಸುಪಾಸಿಗೆ ಇಳಿಯಲು ಬೇಕಾದ ಹೊತ್ತು) 0.88 ಸೆಕೆಂಡ್, ಮಿತಿ 1 ಸೆಕೆಂಡ್, ಸರಿ. 0.33ಕ್ಕೆ 1.32. ಪ್ಲಗ್ ಕಿತ್ತ ತಕ್ಷಣ ಪಿನ್ ಮುಟ್ಟಿದವರ ಬೆರಳಿಗೆ ಹೊಡೆಯುತ್ತದೆ. ಎಕ್ಸ್ ಬದಲಿಸಿದರೆ ಬ್ಲೀಡರ್ ಲೆಕ್ಕವನ್ನೂ ಮತ್ತೆ ಮಾಡಿ.

ವೆಲ್ಡ್ ಆದವನ್ನೆಲ್ಲ ಕ್ಯಾಬಿನೆಟ್ ಒಡೆದೇ ಬೇರ್ಪಡಿಸಿದೆವು. ವೈ2 ಕಿತ್ತು ವೈ1 ಹಾಕಿ, ಹೊಸ ಕ್ಯಾಬಿನೆಟ್, ಹೊಸ ಲೇಬಲ್, ಮತ್ತೆ ಬರ್ನ್-ಇನ್ (ಗಂಟೆಗಟ್ಟಲೆ ಓಡಿಸಿ ನೋಡುವುದು), ಮತ್ತೆ ಹೈ-ಪಾಟ್. ಬಗ್ಗಿಸಿ ಸೋಲ್ಡರ್ ಮಾಡಿದ್ದ ಕೆಲವು ಬೋರ್ಡುಗಳಲ್ಲಿ ಪ್ಯಾಡ್ ಎದ್ದು ಬಂತು. ಆ ಪಟ್ಟಿಯ ಪಕ್ಕದಲ್ಲಿ ಜಂಪರ್ ಹಾಕಿ ರಿಪೇರಿ ಮಾಡುವುದು ಬೇಡ ಅಂತ ಅವನ್ನು ಸ್ಕ್ರ್ಯಾಪ್ ಮಾಡಿದೆವು. ಈಗ ಬೋರ್ಡಿನ ಮೇಲೆಯೇ ಲಾಟ್ ಸ್ಟಿಕ್ಕರ್ ಇದೆ, ಕ್ಯಾಬಿನೆಟ್ ಮುಚ್ಚುವ ಮೊದಲು ಅದನ್ನು ಸೀರಿಯಲ್ ನಂಬರಿನ ಜೊತೆ ಸ್ಕ್ಯಾನ್ ಮಾಡುತ್ತಾರೆ.

ಐಕ್ಯೂಸಿ ಮೇಜಿನ ಮೇಲೆ ಅಕ್ರಿಲಿಕ್ ತುಂಡೊಂದಿದೆ, 10 ಮಿಮೀ ಅಂತರದಲ್ಲಿ ಎರಡು ತೂತು. ರೀಲಿನಿಂದ ತೆಗೆದ ಕೆಪಾಸಿಟರ್ ಕಾಲು ಬಗ್ಗಿಸದೆ ಅದರಲ್ಲಿ ಇಳಿಯಬೇಕು. ಅದನ್ನು ಕೇಳಿ ಮಾಡಿಸಿದ್ದು ಇನ್ಸರ್ಷನ್ನಿನ ಅಕ್ಕ. ಆದರೆ 10 ಪಿಚ್ಚಿನ ವೈ2 ಕೂಡ ಮಾರ್ಕೆಟ್ಟಿನಲ್ಲಿದೆ, ಅದೂ ಆ ತೂತಿನಲ್ಲಿ ನೆಟ್ಟಗೆ ಇಳಿಯುತ್ತದೆ. ಹಾಗಾಗಿ ತುಂಡಿನ ಪಕ್ಕದಲ್ಲೇ 10ಎಕ್ಸ್ ಲೆನ್ಸ್ ಕಟ್ಟಿದ್ದೇವೆ. ಪ್ರತಿ ರೀಲಿನಿಂದ ಐದು ತೆಗೆದು ಅಚ್ಚು ಓದಬೇಕು, ಓದಿದ್ದನ್ನು ಮಾಲು ಬಂದ ರಸೀದಿ ಜಿಆರ್‌ಎನ್ ಮೇಲೆ ಕೈಯಲ್ಲಿ ಬರೆಯಬೇಕು.