ಲಾರಿ ಹೊಂಟಿತು, ಆರ್‌ಡಿಡಿಐಎಂಪಿಡಿಪಿ ಎದ್ದಿತು

ಎಸ್‌ಟಿಎಂಎಸ್ ಅಂದ್ರ ಕಂಪನಿಗಳ ಲೆಕ್ಕಪತ್ರ ನೋಡೋ ಸ್ಯಾಪ್ ತಂತ್ರಾಂಶದಾಗ ಒಂದು ಸಿಸ್ಟಮ್‌ದಿಂದ ಇನ್ನೊಂದಕ್ಕ ಬದಲಾವಣೆ ಸಾಗಿಸೋ ಪರದೆ. ಅದರ ಇಂಪೋರ್ಟ್ ಕ್ಯೂದಾಗ ನಿಂತಿದ್ದ ಆ ಸಣ್ಣ ಲಾರಿ ಐಕಾನ್ ಕಡೀಗೂ ಹೊಂಟಿತು. "ನಿನ್ನ ಲಾರಿ ಇನ್ನೂ ನಿಪ್ಪಾಣಿ ದಾಟಿಲ್ಲೇನು?" ಅಂತ ನನ್ನ ತಮ್ಮ ದಿನಾ ಕಾಡತಿದ್ದ, ಅವನ ಬಾಯಿ ಮುಚ್ಚಿತು.

ಎನ್‌ಪಿಎಲ್ ಅನ್ನೋ ಹಳೇ ಸಿಸ್ಟಮ್‌ದಿಂದ ಎ4ಎಚ್ ಅನ್ನೋ ಹೊಸದಕ್ಕ ಸರಕಿನ ಎರಡು ಫೈಲು (ಕೋಫೈಲ್, ಡೇಟಾ ಫೈಲ್) ತಂದಿದ್ದೆ, ಬಫರ್‌ಗೆ ಅಂದ್ರ ಇಂಪೋರ್ಟಿನ ಸಾಲಿಗೆ ಸೇರಿಸಿದ್ದೆ, ಕಾಂಪೊನೆಂಟ್ ವರ್ಷನ್ ಹೊಂದಂಗಿಲ್ಲ ಅಂದಾಗ ಪರವಾಗಿಲ್ಲ ಅಂತ ಟಿಕ್ ಹಾಕಿದ್ದೆ. ಸರಕೂ ಭಾರೀ ಏನಲ್ಲ: ಕಬ್ಬಿನ ತೂಕದ ಚೀಟಿಗೆ ಒಂದು ಝಡ್ ಟೇಬಲ್ (ನಾವ ಮಾಡಿಕೊಂಡ ಟೇಬಲ್), ಅದಕ್ಕ ಗ್ಯಾಂಗ್ ನಂಬರ್ ಅಂತ ಒಂದು ಹೊಸ ಫೀಲ್ಡ್.

ಟೇಬಲಿನ ರಚನಾ ತರೋ ಡಿಕ್ಷನರಿ ಇಂಪೋರ್ಟ್ ಸೊನ್ನೆ ರಿಟರ್ನ್ ಕೋಡ್‌ದಾಗ, ಅಂದ್ರ ತಪ್ಪಿಲ್ಲದ ಮುಗೀತು. ಆ ರಚನಾ ಜಾರಿಗೆ ತರೋ ಆಕ್ಟಿವೇಶನ್‌ಗೆ ಬಂದು ಗಪ್ಪನ ನಿಂತಿತು. ಎರರ್ ಕೋಡ್ 8 ಇಲ್ಲ, 12 ಇಲ್ಲ, ಕೆಂಪು ದೀಪಾನೂ ಇಲ್ಲ. ಎರರ್ ಬಂದ್ರ ಹುಡುಕಬಹುದು, ಬರದಿದ್ರ ಏನಂತ ಹುಡುಕೋದು? ಇಂಪೋರ್ಟಿನ ದಿನಚರಿ ಎಸ್‌ಲಾಗ್ ಫೈಲ್ ತಗದ್ರ, ಬ್ಯಾಕ್‌ಗ್ರೌಂಡ್ ಜಾಬ್ ಶುರುವಾಗಿಲ್ಲ ಇಲ್ಲಾ ನಡುವ ಬಿದ್ದೈತಿ ಅಂತ ವಾರ್ನಿಂಗ್. ಅದರ ಕೆಳಗ, ಮುಂದ ಬ್ಯಾರೆ ವಾರ್ನಿಂಗ್ ಬರದಿದ್ರ ಇದರಿಂದ ತೊಂದರಿ ಇಲ್ಲ ಅಂತ ಸಮಾಧಾನ. ಅದರ ಕೆಳಗ ಮತ್ತ ಅದ ವಾರ್ನಿಂಗ್! ಇದನ್ನ ಬರದ ಪುಣ್ಯಾತ್ಮನಿಗೆ ಒಂದು ಕುಂದಾ ಡಬ್ಬಿ ಕಳಿಸಬೇಕು.

ಟಿಆರ್‌ಬ್ಯಾಟ್ ಟೇಬಲ್‌ದಾಗ ನನ್ನ ರಿಕ್ವೆಸ್ಟ್ 9999 ಹೊತ್ತು ಕುಂತಿತ್ತು. ಅಂದ್ರ ಇಂಪೋರ್ಟ್ ನಡೆಸೋ ಟಿಪಿ ಪ್ರೋಗ್ರಾಮ್ ತನ್ನ ಚೀಟಿ ಬರದು ಇಟ್ಟೈತಿ, ಅದನ್ನ ಒಯ್ದು ಸ್ಯಾಪ್ ಒಳಗ ಕೆಲಸ ಮಾಡಬೇಕಾದ ಬ್ಯಾಕ್‌ಗ್ರೌಂಡ್ ಜಾಬ್ ಆರ್‌ಡಿಡಿಐಎಂಪಿಡಿಪಿ ಬಂದಿಲ್ಲ. ಎಲ್ಲಾರೂ ಹೇಳೋ ಮದ್ದು ಎರಡು. ಒಂದು, 000 ಕ್ಲೈಂಟ್‌ದಾಗ ಡಿಡಿಐಸಿ ಅನ್ನೋ ಸಿಸ್ಟಮ್ ಯೂಸರ್ ಆಗಿ, ಆ ಜಾಬ್ ಹೊಸದಾಗಿ ಹಚ್ಚೋ ಆರ್‌ಡಿಡಿಎನ್‌ಇಡಬ್ಲ್ಯುಪಿಪಿ ಪ್ರೋಗ್ರಾಮ್ ಓಡಸೋದು. ಓಡಿಸಿದೆ, ಜಾಬ್ ರಿಲೀಸ್ಡ್ ಅಂತ ಮೊದಲಿನಂಗ ಕುಂತಿತು. ಇನ್ನೊಂದು, ಟಿಆರ್‌ಬ್ಯಾಟ್ ಸಾಲು ಅಳಿಸಿಬಿಡೋದು. ಇದು ನನಗ ಒಪ್ಪಿಗಿ ಇಲ್ಲ. ಹಿಂದ ಟಿಪಿ ಪ್ರೊಸೆಸ್ ಜೀವಂತ ಇದ್ರ ಇಡೀ ಇಂಪೋರ್ಟ್ ಕಲಸುಮೇಲೋಗರ ಆಗತೈತಿ, ಕಾರಣಾನೂ ಅದರ ಕೂಡ ಅಳಿಸಿ ಹೋಗತೈತಿ.

ಎಳಿ ಸಿಕ್ಕಿದ್ದು ಎಸ್‌ಎಂ64ದಾಗ, ಅಂದ್ರ ಜಾಬ್ ಎಬ್ಬಿಸೋ ಇವೆಂಟ್‌ಗಳ ಪರದೆದಾಗ. ಸ್ಯಾಪ್_ಟ್ರಿಗರ್_ಆರ್‌ಡಿಡಿಐಎಂಪಿಡಿಪಿ ಇವೆಂಟ್ ಕೈಯಾರೆ ಎಬ್ಬಿಸಿದೆ. ಜಾಬ್ ಟಣ್ಣನ ಎದ್ದು ಆಕ್ಟಿವೇಶನ್ ಮುಗಿಸಿತು, ಲಾರಿ ಒಂದು ಹಂತ ಸರದು ಮುಂದಿನ ಎಬಿಎಪಿ (ಸ್ಯಾಪ್‌ನ ಪ್ರೋಗ್ರಾಮಿಂಗ್ ಭಾಷೆ) ಹಂತಕ್ಕ ಮತ್ತ ನಿಂತಿತು. ಅಂದಮ್ಯಾಲ ಜಾಬ್ ಚಲೋ ಐತಿ, ಒಳಗಿಂದ ಕರದ್ರ ಓ ಅಂತೈತಿ. ಹೊರಗಿಂದ ಟಿಪಿ ಕರಿಯೋ ದನಿ ಮುಟ್ಟವಲ್ಲದು. ಹೊರಗಿಂದ ಕರಿಯೋದು ಸ್ಯಾಪ್‌ಇವಿಟಿ ಪ್ರೋಗ್ರಾಮ್, ಅದರ ಡೈರಿ ಡೆವ್_ಇವಿಟಿ ಫೈಲು. ತಗದು ನೋಡಿದ್ರ 3900 ಪೋರ್ಟ್, ಕನೆಕ್ಷನ್ ರಿಫ್ಯೂಸ್ಡ್. ಆ ಕರೆ ತಗೋಬೇಕಾದ್ದು ಮೆಸೇಜ್ ಸರ್ವರ್. ಅದು ಇರೋ ಎಎಸ್‌ಸಿಎಸ್ ಭಾಗದ ನಂಬರ್ ನನ್ನಲ್ಲಿ 01, ಹಂಗಾಗಿ ಅದರ ಒಳಗಿನ ಪೋರ್ಟ್ 3901. ಪಕ್ಕದ ಮನಿ ಬಾಗಲಾ ಬಡದ್ರ ಯಾರು ತಗೀತಾರ?

3900 ಎಲ್ಲಿಂದ ಬಂತು? ಟಿಪಿ ಪ್ರೊಫೈಲ್‌ದಾಗಿನ ಸಿಸ್ಟಮ್_ಪಿಎಫ್ ಸಾಲಿನಿಂದ. ಹಳೇ ಮಶೀನಿನ ಟ್ರಾನ್ಸ್ ಡೈರೆಕ್ಟರಿ ಕೂಡ ಬಂದ ಆ ಸಾಲು ಹಳೇ ಪ್ರೊಫೈಲ್ ಕಡೆ ಬೊಟ್ಟು ಮಾಡತಿತ್ತು. ಆ ಟಿಪಿ ಪ್ರೊಫೈಲ್ ಫೈಲನ್ನ ವಿಐ ಎಡಿಟರ್‌ದಾಗ ತಿದ್ದಾಕ ಹೋಗಬ್ಯಾಡ್ರಿ, ಟಿಎಂಎಸ್ (ಸ್ಯಾಪ್‌ನ ಸಾಗಣೆ ವ್ಯವಸ್ಥೆ) ಮುಂದಿನ ಸಲ ಅದನ್ನ ತಾನ ಹೊಸದಾಗಿ ಬರೀತೈತಿ. ಎಸ್‌ಟಿಎಂಎಸ್ ಒಳಗ ಟ್ರಾನ್ಸ್‌ಪೋರ್ಟ್ ಟೂಲ್ ಟ್ಯಾಬ್‌ದಾಗ ಬದಲಿಸಿ ಡಿಸ್ಟ್ರಿಬ್ಯೂಟ್ ಮಾಡ್ರಿ. ಮಾಡಿದೆ. ಟಿಆರ್‌ಬ್ಯಾಟ್ ಖಾಲಿ, ರಿಟರ್ನ್ ಕೋಡ್ 4, ಬರೇ ವಾರ್ನಿಂಗ್. ನಾಲ್ಕಕ್ಕ ಯಾರು ಅಳತಾರ!

ಇದರ ನಡುವ ಇನ್ನೊಂದು ಪಜೀತಿ, ನಾ ತರಿಸಿದ ರ್‍ಯಾಮ್ ಕಥಿ. ಆನ್‌ಲೈನ್ ಮಾರಾಟಗಾರ ಒಬ್ಬ ಡೆಸ್ಕ್‌ಟಾಪ್‌ದು ಅಂತ ಹೇಳಿ ಸರ್ವರಿನ ರಿಜಿಸ್ಟರ್ಡ್ ಇಸಿಸಿ ಕಡ್ಡಿ ಕಳಿಸ್ಯಾನ. ಬೋರ್ಡ್ ಬೂಟ್ ಆಗಂಗಿಲ್ಲ, ಅಂವ ಫೋನ್ ಎತ್ತಂಗಿಲ್ಲ. ಬೆಳಗಾವಿ ಖಡೇಬಜಾರದಾಗ ಕೊಂಡಿದ್ರ ನಾಕು ಮಾತು ಬೈದಾದ್ರೂ ಬದಲಿ ತರಬಹುದಿತ್ತು.

ಟೇಬಲ್ ಮುಟ್ಟಿತಲ್ಲ, ಮುಂದ ನಿಜವಾದ ತೂಕ. ತೂಕ ಹಿಡಿಯೋ ಲೋಡ್ ಸೆಲ್, ಅದನ್ನ ಅಂಕಿ ಮಾಡೋ ಎಚ್‌ಎಕ್ಸ್711 ಚಿಪ್, ವೈಫೈ ಇರೋ ಇಎಸ್‌ಪಿ32 ಬೋರ್ಡ್ ಜೋಡಿಸಿ, ವೆಬ್ ಮೂಲಕ ಸ್ಯಾಪ್‌ಗೆ ಡೇಟಾ ಮುಟ್ಟಿಸೋ ಓಡೇಟಾ ಸರ್ವಿಸ್‌ಗೆ ಕಿಲೋ ಕಳಸೋದು. ಎಚ್‌ಎಕ್ಸ್711 24 ಬಿಟ್ ಅಂತಾರ, ಕಡೇ ಬಿಟ್‌ಗಳು ಬರೇ ಕುಣಿಯೋ ಗದ್ದಲ. ಸರಾಸರಿ ತಗಿಯೋದನ್ನ ಬೋರ್ಡಿನ್ಯಾಗ ಮಾಡೋದೋ ಎಬಿಎಪಿದಾಗ ಮಾಡೋದೋ? ನಾ ಬೋರ್ಡಿನ ಕಡೆ ಅದೀನಿ, ತಮ್ಮ ಎಬಿಎಪಿ ಅಂತಾನ.